ಗೋಧಿ ಹೊಲಕ್ಕೆ ಬಂದ ನದಿ

“ಅಗೆಯೋದಾದ್ರೆ ನನ್ನ ಹೊಟ್ಟೆ ಮೇಲೇ ಅಗೆ!” ಎನ್ನುತ್ತ ಮಾಹುದ್ ಏರಿಯ ಮೇಲೆ ಅಡ್ಡಡ್ಡ ಮಲಗಿಬಿಟ್ಟ.

ಅವನ ಹೆಂಡತಿಯ ತಮ್ಮ ಲಫ್ತಾ ಎತ್ತಿದ್ದ ಸಲಿಕೆಯನ್ನು ಇಳಿಸಿದ. ಏರಿಯ ಈಚೆ ಹಿಮ ಕರಗಿ ತುಂಬಿ ಬಂದಿದ್ದ ಫುರಾತ್ ನದಿ. ಆಚೆ ಮಾಹುದ್‌ನ ಗೋಧಿ ಹೊಲ. ಹನ್ನೆರಡು ವರ್ಷದ ಹಿಂದೆ ಸರ್ಕಾರ ಈ ಏರಿ ಹಾಕಿಸಿ, ನೀರನ್ನೆಲ್ಲ ಕಾಲುವೆಗೆ ತಿರುಗಿಸಿ, ಕಣ್ಣು ಹಾಯುವಷ್ಟು ದೂರ ಜೊಂಡು ಬೆಳೆದಿದ್ದ ಜೌಗನ್ನು ಒಣಗಿಸಿತ್ತು. ಈಗ ಯುದ್ಧ ಶುರುವಾಗಿ, ಏರಿ ಕಾಯುತ್ತಿದ್ದ ಸಿಪಾಯಿಗಳು ಬೂಟನ್ನೂ ಬಿಟ್ಟು ಓಡಿಹೋಗಿದ್ದರು. ಜೌಗಿಗೆ ಮತ್ತೆ ನೀರು ಬಿಡಲು ಬೆಳಗಿನಿಂದ ಊರವರು ಅಲ್ಲಲ್ಲಿ ಏರಿ ಒಡೆಯುತ್ತಿದ್ದರು.

“ಹತ್ತೇ ಹತ್ತು ದಿನ ತಾಳೋ ಮಾರಾಯ. ತೆನೆ ಹಳದಿಗೆ ತಿರುಗಿದೆ, ಕೊಯ್ಕೋತೀನಿ.”

“ಹತ್ತು ದಿನಕ್ಕೆ ನದಿ ಇಳಿದುಹೋಗತ್ತೆ ಭಾವ. ಆಮೇಲೆ ಇನ್ನೊಂದು ವರ್ಷ ನಿನ್ನ ರೊಟ್ಟಿಯ ಮುಖ ನೋಡ್ಕೊಂಡು ಕೂರ್ಬೇಕಾ?”

“ನಿಂಗೇನು ಗೊತ್ತು! ಗಡಿಯಾಚೆ ನಿರಾಶ್ರಿತರ ಶಿಬಿರದಲ್ಲಿ ಬಿಟ್ಟಿ ಊಟ ತಿಂದು ಮೊನ್ನೆ ಬಂದೋನು ನೀನು. ಈ ಉಪ್ಪು ನೆಲದಲ್ಲಿ ನಾಲ್ಕು ಸಲ ಬಿತ್ತಿದೀನಿ. ಮೂರು ಸಲ ಸುಟ್ಟುಹೋಯ್ತು. ಇದೊಂದು ಸಲ ಎದೆ ಮಟ್ಟ ಎದ್ದು ನಿಂತಿದೆ.”

ಇಬ್ಬರಿಗೂ ಚಹಾ ತಂದಿದ್ದ ಗನಿಯಾ ಕೆಟಲ್ ಕೆಳಗಿಟ್ಟಳು. ತಮ್ಮನ ಕೈಯಿಂದ ಸಲಿಕೆ ಕಿತ್ತುಕೊಂಡು ಗಂಡನ ಕಿವಿಯಿಂದ ಗೇಣು ದೂರದಲ್ಲಿ ಒಂದು ಏಟು ಹಾಕಿದಳು.

“ಗನಿಯಾ! ಮನೇಲಿ ಹಿಟ್ಟಿಲ್ಲ ಅಂತ ನಿನ್ನೆ ನೀನೇ ಅಳ್ತಿದ್ದೆಯಲ್ಲೇ!”

“ಅತ್ತಿದ್ದು ಹಿಟ್ಟಿಗಲ್ಲ.” ಇನ್ನೊಂದು ಏಟು. “ಮದುವೆಯಾಗಿ ನಿನ್ನ ಮನೆಗೆ ದೋಣೀಲಿ ಬಂದೋಳು ನಾನು. ಹನ್ನೆರಡು ವರ್ಷದಿಂದ ಧೂಳು ಗುಡಿಸ್ತಿದೀನಿ. ಏಳ್ತೀಯೋ, ನಿನ್ನನ್ನೂ ಸೇರಿಸಿ ಅಗೆಯಲೋ?”

ಮಾಹುದ್ ಎದ್ದ. ಅವಳನ್ನು ತಡೆಯಲಿಲ್ಲ, ಕುಡುಗೋಲು ಹಿಡಿದು ಹೊಲಕ್ಕೆ ಓಡಿದ. ಸಿಕ್ಕಷ್ಟು ಸಿಗಲಿ ಎಂದು ಹುಚ್ಚನಂತೆ ಕೊಯ್ಯತೊಡಗಿದ. ಅವನ ಬೆನ್ನ ಹಿಂದೆ ನೀರು ಮೊದಲು ಹಗ್ಗದಷ್ಟು ಸಣ್ಣಗೆ ಇಳಿಯಿತು, ಆಮೇಲೆ ಆಡು ನುಗ್ಗುವಷ್ಟು ಸಂದಾಯಿತು, ಆಮೇಲೆ ಏರಿಯ ಒಂದು ಮಗ್ಗುಲೇ ಧಡಾರನೆ ಕುಸಿಯಿತು. ಗನಿಯಾ, ಲಫ್ತಾ ಇಬ್ಬರೂ ಅತ್ತಿತ್ತ ಹಾರಿ, ಕಿರುಚುತ್ತ ಹೊಲಕ್ಕೆ ಇಳಿದರು.

“ಗೋಧಿ ಕಟ್ಟು ಹಿಡೀರಿ! ತೇಲಿಹೋಗ್ತಿದೆ, ಹಿಡೀರಿ!” ಮಾಹುದ್ ಬೊಬ್ಬೆ ಹಾಕುತ್ತಿದ್ದ. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಸೊಂಟಕ್ಕೂ ಏರಿತು. ಇದ್ದಕ್ಕಿದ್ದಂತೆ ಅವನು “ಅಯ್ಯಯ್ಯೋ!” ಎಂದು ನಿಂತಲ್ಲೇ ಕುಣಿಯತೊಡಗಿದ. ನಿಲುವಂಗಿಯೊಳಗೆ ಏನೋ ಪುಳಪುಳ ಓಡಾಡುತ್ತಿತ್ತು. ಕೈ ಹಾಕಿ ತೆಗೆದ. ಅಂಗೈ ಉದ್ದದ ಬೆಳ್ಳಿ ಬಣ್ಣದ ಮೀನು.

ಮಾಹುದ್ ಸಿಟ್ಟಿನ ಮುಖವನ್ನು ಹಿಡಿದಿಟ್ಟುಕೊಳ್ಳಲು ನೋಡಿದ. ಆಗಲಿಲ್ಲ. ಹೊಟ್ಟೆಯ ಆಳದಿಂದ ನಗು ನುಗ್ಗಿ ಬಂತು. ಮೀನನ್ನು ಲಫ್ತಾನತ್ತ ಬೀಸಿ ಎಸೆದರೆ ಅದು ಗನಿಯಾಳ ಕುತ್ತಿಗೆಗೆ ಬಿತ್ತು. ಅವಳು ಗಂಡನನ್ನು ಎರಡೂ ಕೈಯಿಂದ ದೂಡಿದಳು. ಅವನು ಗೋಧಿ ಕಟ್ಟುಗಳ ಮೇಲೆ ಅಂಗಾತ ಬಿದ್ದು ಕಟ್ಟುಗಳ ಸಮೇತ ತೇಲತೊಡಗಿದ. ದಿಬ್ಬದ ಮನೆಯಿಂದ ಅವರ ಒಂದೇ ಒಂದು ಎಮ್ಮೆ ಗೂಟ ಕಿತ್ತುಕೊಂಡು ಓಡಿಬಂದು ನೀರಿಗೆ ಧುಮುಕಿತು. ಹುಟ್ಟಿದಾಗಿನಿಂದ ತೊಟ್ಟಿಯ ನೀರು ಮಾತ್ರ ಕಂಡಿದ್ದ ಆ ಎಮ್ಮೆ ಮೂಗಷ್ಟನ್ನೇ ಮೇಲಿಟ್ಟುಕೊಂಡು, ಯಾರೋ ಕಲಿಸಿದ ಹಾಗೆ, ಅವರ ಸುತ್ತ ಈಜಿತು. ಮೂವರೂ ನಕ್ಕು ನಕ್ಕು ನೀರು ಕುಡಿದು ಕೆಮ್ಮಿದರು. ಕೈಗೆ ದಕ್ಕಿದ್ದು ಹನ್ನೊಂದು ಕಟ್ಟು ಗೋಧಿ.

ಒಂದು ವಾರ ಮೀನು ಹಿಡಿದು ತಿನ್ನುವುದರಲ್ಲೇ ಕಳೆಯಿತು. ಹೊಲದ ನಡುವಿನ ಗೋಧಿ ಮಾತ್ರ ಇನ್ನೂ ಬಿದ್ದಿರಲಿಲ್ಲ. ತೆನೆಗಳು ನೀರಿನ ಮೇಲೆ ತಲೆಯೆತ್ತಿ ನಿಂತಿದ್ದವು. ಲಫ್ತಾ ಎಲ್ಲಿಂದಲೋ ಒಂದು ಹಳೇ ದೋಣಿ ತಂದ. “ಬಾ ಭಾವ, ನಿನ್ನ ರೊಟ್ಟಿ ಕೊಯ್ಕೊಂಡು ಬರೋಣ. ಆಮೇಲೆ ಜೀವನಪೂರ್ತಿ ನನ್ನ ಬೈಬೇಡ.”

ಮಾಹುದ್ ದೋಣಿಯಿಂದ ಬಾಗಿ ಮೊದಲ ಹಿಡಿ ತೆನೆ ಹಿಡಿದು ಕುಡುಗೋಲು ಎತ್ತಿದ. ಕೈ ಹಾಗೇ ನಿಂತಿತು. ಗೋಧಿಯ ಕಡ್ಡಿಗಳನ್ನೇ ಬಗ್ಗಿಸಿ, ಹೆಣೆದು, ಹಣೆಗೆ ಬಿಳಿ ನಾಮವಿದ್ದ ಕಪ್ಪು ನೀರುಕೋಳಿಯೊಂದು ಗೂಡು ಕಟ್ಟಿಕೊಂಡು ಕೂತಿತ್ತು. ರೆಕ್ಕೆಯ ಅಂಚಿನಲ್ಲಿ ಚುಕ್ಕೆಚುಕ್ಕೆಯ ಒಂದು ಮೊಟ್ಟೆ ಇಣುಕುತ್ತಿತ್ತು. ಹಕ್ಕಿ ಕೆಂಪು ಕಣ್ಣಿನಿಂದ ಅವನನ್ನೇ ನೋಡಿತು, ಕದಲಲಿಲ್ಲ.

“ಏನ್ ಭಾವ, ಸೊಂಟ ಹಿಡ್ಕೊಂತಾ? ಕೊಯ್ಯಿ!” ಹಿಂದಿನಿಂದ ಲಫ್ತಾ ಕೂಗಿದ.

ಮಾಹುದ್ ಕುಡುಗೋಲನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

“ಮೆತ್ತಗೆ ಮಾತಾಡೋ,” ಎಂದು ಪಿಸುಗುಟ್ಟಿದ, “ಬಾಣಂತಿ ಇದ್ದಾಳೆ.”