ಕರೆಂಟು ಮರಳಿದ ಗಳಿಗೆ

ಮಗಳು ಹೋಂವರ್ಕಿನ ತಪ್ಪು ಅಳಿಸುವಾಗ ಬರುವ ರಬ್ಬರಿನ ವಾಸನೆಗೆ ಈಗಲೂ ನನ್ನ ಅಂಗೈ ಬೆವರುತ್ತದೆ.

ನಾನು ಅವಳಷ್ಟಿದ್ದಾಗ, ಗುಂಡ್ಲುಪೇಟೆಯ ನಮ್ಮ ಹಜಾರದಲ್ಲಿ ಚಿಕ್ಕಪ್ಪ ಮೈಸೂರಿನಿಂದ ಬಿಡಿಭಾಗ ತಂದು ಹೊಸ ಕಂಪ್ಯೂಟರ್ ಜೋಡಿಸಿದ್ದ. ಸ್ವಿಚ್ ಹಾಕಿದರೆ ಬರೀ ಬೀಪ್ ಸದ್ದು; ಪರದೆ ಕಪ್ಪಾಗಿಯೇ ಇತ್ತು.

"ರ್‍ಯಾಮ್ ಸರಿಯಾಗಿ ಕೂತಿಲ್ಲ ಕಣಮ್ಮಿ. ನಿನ್ ರಬ್ಬರ್ ಕೊಡು," ಎಂದು ಆ ಪುಟ್ಟ ಹಸಿರು ಪಟ್ಟಿಯನ್ನು ಹೊರತೆಗೆದು ಅದರ ಹೊನ್ನಿನ ಬಣ್ಣದ ಅಂಚನ್ನು ಮೆಲ್ಲಗೆ ತಿಕ್ಕಿದ.

"ಉಂಡ್ಬುಟ್ಟು ನೋಡ್ಲಾ, ಅದೇನು ಓಡೋದದಾ?" ಅಜ್ಜಿ ಅಡುಗೆಮನೆಯಿಂದ ಕೂಗಿದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಇನ್ನು ಪ್ಲಗ್ ಕೀಳುವುದೇಕೆಂದು ಚಿಕ್ಕಪ್ಪ ಹಾಗೆಯೇ ಒಳಗೆ ಕೈಹಾಕಿ ರ್‍ಯಾಮನ್ನು ಒತ್ತಿ ಕೂರಿಸಿದ. ಅವನ ಮೊಣಕಾಲು ತಗುಲಿ ಸರಿದ ಕರೆಂಟಿನ ವೈರಿನ ಟೇಪಿಲ್ಲದ ಜಾಯಿಂಟು ಕಂಪ್ಯೂಟರಿನ ತಗಡಿನ ಡಬ್ಬಕ್ಕೆ ತಾಗಿದ್ದನ್ನು ಆಗ ಯಾರೂ ನೋಡಲಿಲ್ಲ.

ಅವನ ಕೈ ಇನ್ನೂ ಒಳಗಿರುವಾಗಲೇ ಕರೆಂಟು ಬಂತು. ಚಿಕ್ಕಪ್ಪನ ಬಾಯಿ ತೆರೆದುಕೊಂಡಿತು, ದನಿ ಹೊರಡಲಿಲ್ಲ. ನಾನು ಚೀರಿದೆ. ಅಜ್ಜಿ ಮುದ್ದೆ ತೊಳಸುವ ಕೋಲು ಹಿಡಿದು ಓಡಿಬಂದು ಅವನ ತೋಳಿಗೆ ಬೀಸಿ ಹೊಡೆದಳು. ಅವನು ನೆಲಕ್ಕೆ ಬಿದ್ದ.

ಪರದೆ ಬೆಳಗಿತ್ತು.

"ಬಂತೇನಮ್ಮಿ?" ಎಂದ, ಬಿದ್ದಲ್ಲಿಂದಲೇ.

ಅಜ್ಜಿ ಅವನ ಎದೆಯ ಮೇಲಿಟ್ಟ ಕೈಯನ್ನು, ಅವನು "ಸಾಕು ಬುಡವ್ವ" ಎಂದರೂ, ಕತ್ತಲಾಗುವವರೆಗೆ ತೆಗೆಯಲಿಲ್ಲ.