ಮೊದಲು ಎತ್ತಬೇಕು

“ಮೊದಲು ಓಡಿಸಿ ಸಾರ್ ಇವಳನ್ನ. ಕೊಬ್ಬು ಕರಗಲಿ,” ಎಂದು ಗಂಡ ಜಿಮ್ಮಿನ ಕೋಚ್‌ಗೆ ಹೇಳಿದ.

ಅವಳು ಟ್ರೆಡ್‌ಮಿಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಹದಿನೈದು ಕೆಜಿಯ ಕಬ್ಬಿಣದ ಪ್ಲೇಟೊಂದನ್ನು ಎದೆಗವಚಿಕೊಂಡು ಬಸ್ಕಿ ಹೊಡೆಯತೊಡಗಿದಳು.

“ಮೇಡಂ, ಮೊದಲು ಕಾರ್ಡಿಯೋ ಮಾಡಿ. ಭಾರ ಎತ್ತಿ ಸುಸ್ತಾದ್ಮೇಲೆ ಓಡೋಕಾಗಲ್ಲ,” ಎಂದ ಕೋಚ್.

“ಸುಸ್ತಾದ್ಮೇಲೂ ಓಡೋದನ್ನೇ ನಾನು ಕಲೀಬೇಕು.”

“ನೋಡಿದ್ರಾ ಇವಳ ಸೊಕ್ಕು?” ಎಂದ ಗಂಡ, ಕೋಚ್ ಅತ್ತ ಹೋದೊಡನೆ ಅವಳ ಕಿವಿಯ ಬಳಿ ಬಾಗಿದ. “ತೋಳು ಬೆಳೆಸಿ ನನ್ನ ಮೇಲೇ ಕೈ ಮಾಡ್ತೀಯೇನೇ? ಮನೆಗೆ ನಡಿ, ಅದೇ ತೋಳು ಮುರೀತೀನಿ.”

ಹೋದ ವರ್ಷ ಅವನು ಅವಳ ಎಡಗೈ ಮುರಿದಿದ್ದ. ಅವಳು ಪ್ಲೇಟನ್ನು ಕೆಳಗಿಡಲಿಲ್ಲ. ಬಸ್ಕಿ ಮುಗಿಸಿ, ಟ್ರೆಡ್‌ಮಿಲ್ ಹತ್ತಿ, ಸರಿಯಾಗಿ ಎರಡು ಕಿಲೋಮೀಟರ್ ಓಡಿ ಇಳಿದಳು.

ಮೂರು ತಿಂಗಳು ದಿನವೂ ಇದೇ ಜಗಳ ನಡೆಯಿತು. ದಿನವೂ ಅವಳು ಮೊದಲು ಎತ್ತಿದಳು, ಆಮೇಲೆ ಓಡಿದಳು.

ಒಂದು ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಅವಳು ಬಚ್ಚಲಿಗೆ ಹೊರಗಿನಿಂದ ಚಿಲಕ ಹಾಕಿದಳು. ನಿದ್ದೆಯಲ್ಲಿದ್ದ ಮಗಳನ್ನು ಎತ್ತಿ ಎದೆಗವಚಿಕೊಂಡಳು.

ಮಗಳು ಹದಿನೈದು ಕೆಜಿ, ಬಸ್‌ಸ್ಟ್ಯಾಂಡು ಎರಡು ಕಿಲೋಮೀಟರ್.