ಕಾಣೆಯಾದ ಗೋಡೆ

ಹತ್ತೊಂಬತ್ತು ಘನ ಮೀಟರ್ ಗೋಡೆ ಎಲ್ಲಿ ಹೋಯಿತು? ಫಾಲಾಕ್ಷಯ್ಯನವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದೇ ಹಾಸ್ಟೆಲ್ ಕಟ್ಟಡ. ಅವರು ನಕ್ಷೆಯ ಮೇಲೆ ಸ್ಕೇಲು ಹಿಡಿದು ಹಾಕಿದ ಎಸ್ಟಿಮೇಟಿಗಿಂತ ಆಫೀಸಿನ ಕಿರಿಯ ಎಂಜಿನಿಯರ್ ರುಬೀನಾ ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿ ಅಷ್ಟು ಕಡಿಮೆ ತೋರಿಸುತ್ತಿತ್ತು. ಯಾರದು ಸರಿಯೋ ಇನ್ನು ಮುಂದಿನ ಎಸ್ಟಿಮೇಟುಗಳೆಲ್ಲ ಅವರ ಕೈಗೆ ಎಂದು ಯಜಮಾನರು ಹೇಳಿಬಿಟ್ಟಿದ್ದರು.

ಮೂರನೇ ಸಲ ಎದ್ದು ಹೋಗಿ ಅವಳ ಪರದೆಯ ಮುಂದೆ ನಿಂತರು.

"ನಿನ್ನ ಕಂಪ್ಯೂಟರ್ ಗೋಡೆ ತಿಂದು ಕೂತಿದೆಯಲ್ಲಮ್ಮ! ಮೆಟ್ಟಿಲ ಪಕ್ಕದ್ದು ಬಿಟ್ಟಿದ್ದೀಯಾ?"

"ಇಲ್ಲ ಸಾರ್, ಇದೆ ನೋಡಿ."

"ಆ ಮೂಲೆ ಸ್ವಲ್ಪ ದೊಡ್ಡದು ಮಾಡು."

ಅವಳು ಮಾಡಿದಳು. ಅವರು ಪರದೆ ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು. ಆಮೇಲೆ ಹಾಳೆಯನ್ನು ನಿಧಾನವಾಗಿ ಮಡಚಿದರು.

"ಸಿಕ್ತಾ ಸಾರ್?"

ಅವರು ಮಡಚಿದ ಹಾಳೆಯನ್ನು ಜೇಬಿಗೆ ಸೇರಿಸಿದರು.

"ಹೋಗ್ಲಿ ಬಿಡಿ ಸಾರ್. ಮೂವತ್ತು ವರ್ಷದಿಂದ ಅಳೀತಿರೋರು ನೀವು. ತಪ್ಪು ನನ್ನದೇ ಇರಬೇಕು. ಯಜಮಾನ್ರಿಗೆ ನಾನೇ ಹೇಳ್ತೀನಿ."

ಅವಳು ಯಜಮಾನರ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದಳು.

ಕಟ್ಟಡದ ಪ್ರತಿಯೊಂದು ಮೂಲೆಯನ್ನೂ ತಾವು ಉದ್ದಗೋಡೆಯಲ್ಲಿ ಒಮ್ಮೆ, ಅಡ್ಡಗೋಡೆಯಲ್ಲಿ ಇನ್ನೊಮ್ಮೆ ಅಳೆದು ಎರಡೆರಡು ಸಲ ಲೆಕ್ಕಕ್ಕೆ ಸೇರಿಸಿದ್ದನ್ನು ಫಾಲಾಕ್ಷಯ್ಯ ಹೇಳಲೇ ಇಲ್ಲ.